ಸೋಲಾರ್ ಇದೆ, ಡಿಜಿ ಇದೆ, ಆದರೂ ಡಿಮ್ಯಾಂಡ್ ಮೀರುತ್ತಿದೆ. ಆನ್‌ಲೈನ್ ಮೀಟರ್ ಹಾಕಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ ಇರುವ ಸಣ್ಣ ಕಾರ್ಖಾನೆ, ಶೆಡ್ ಮೇಲೆ ಸೋಲಾರ್, ಹಿಂದೆ ಒಂದು ಡಿಜಿ ಸೆಟ್ (ಡೀಸೆಲ್ ಜನರೇಟರ್). ಇಷ್ಟಿದ್ದರೂ ಬಿಲ್‌ನಲ್ಲಿ ಡಿಮ್ಯಾಂಡ್ (ಒಂದು ಹೊತ್ತಿಗೆ ಗ್ರಿಡ್‌ನಿಂದ ಎಳೆಯುವ ಲೋಡು) ಒಪ್ಪಂದದ ಮಿತಿ ಮೀರಿದ್ದಕ್ಕೆ ದಂಡ ಬರುತ್ತಲೇ ಇದೆ. ಈಗ ಯಾರೋ ಬಂದು, ಆಗಿಂದಾಗಲೇ ಲೋಡ್ ಎಷ್ಟಿದೆ ಅಂತ ಇಂಟರ್‌ನೆಟ್‌ನಲ್ಲಿ ತೋರಿಸುವ ಮೀಟರ್ ಹಾಕಿಸಿ ಅಂತಿದ್ದಾರೆ. ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ.

ಹಾಕಬಹುದು. ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಫೌಂಡ್ರಿಯ (ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ) ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ, ನಮಗೆ ಅದರಿಂದ ನಿಜವಾಗಿ ಉಪಯೋಗ ಆಗಿದೆ. ಆದರೆ ಮೀಟರ್ ತಾನಾಗಿ ಒಂದು ಯೂನಿಟ್ಟೂ ಉಳಿಸುವುದಿಲ್ಲ. ಡಿಮ್ಯಾಂಡ್ ಲೆಕ್ಕ ನಡೆಯುವುದು ಹದಿನೈದು ನಿಮಿಷದ ತುಂಡುಗಳಲ್ಲಿ. ಈಗ ನಡೆಯುತ್ತಿರುವ ತುಂಡಿನ ಸರಾಸರಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಅದು ಮುಂಚೆಯೇ ಹೇಳಬೇಕು. ಹೇಳಿದ ತಕ್ಷಣ ಏನನ್ನು ತಗ್ಗಿಸಬೇಕು ಅಂತ ನೀವು ಮೊದಲೇ ತೀರ್ಮಾನ ಮಾಡಿರಬೇಕು.

ಲೆಕ್ಕ ನೋಡಿ. ನಮ್ಮ ಮೀಟರ್ ಹದಿನೈದು ನಿಮಿಷದ ಸರಾಸರಿ ಕೆವಿಎ (ಗ್ರಿಡ್‌ನಿಂದ ಎಳೆದ ಒಟ್ಟು ಪವರ್) ದಾಖಲಿಸುತ್ತದೆ (ಕೆಲವು ಕಡೆ ಮೂವತ್ತು ನಿಮಿಷ, ನಿಮ್ಮದು ಯಾವುದು ಅಂತ ಕೇಳಿಕೊಳ್ಳಿ). 30 ದಿನದ ತಿಂಗಳಲ್ಲಿ ಅಂಥ ತುಂಡುಗಳು 2,880. ಅದರಲ್ಲಿ ಒಂದೇ ಒಂದು ಮೀರಿದರೂ ಇಡೀ ತಿಂಗಳಿಗೆ ಅದೇ ಡಿಮ್ಯಾಂಡ್, ಮೀರಿದ ಭಾಗಕ್ಕೆ ಎರಡು ಪಟ್ಟು ದರ. ನಮ್ಮ ಕಾಂಟ್ರಾಕ್ಟ್ ಡಿಮ್ಯಾಂಡ್ (ಒಪ್ಪಂದದ ಮಿತಿ) 500 ಕೆವಿಎ. ಒಂದು ತುಂಡಿನ ಮೊದಲ ಐದು ನಿಮಿಷ 620ರಲ್ಲಿ ಓಡಿದೆ ಅಂತಿಟ್ಟುಕೊಳ್ಳಿ. ಉಳಿದ ಹತ್ತು ನಿಮಿಷ 440ಕ್ಕೆ ಇಳಿಸಿದರೆ ಸರಾಸರಿ ಸರಿಯಾಗಿ 500ಕ್ಕೆ ನಿಲ್ಲುತ್ತದೆ. ಆ ಐದು ನಿಮಿಷ ನಿಮಗೆ ಗೊತ್ತೇ ಆಗಲಿಲ್ಲ, ಹತ್ತನೇ ನಿಮಿಷಕ್ಕೆ ಎಚ್ಚರವಾಯಿತು ಅಂದರೆ ಉಳಿದ ಐದರಲ್ಲಿ 260ಕ್ಕೆ ಇಳಿಸಬೇಕು. ಫೌಂಡ್ರಿಯಲ್ಲಿ ಅದು ಆಗದ ಮಾತು. ಹಾಗಾಗಿ ಹದಿನೈದು ನಿಮಿಷಕ್ಕೊಮ್ಮೆ ಡೇಟಾ ಕಳಿಸುವ ಮೀಟರನ್ನು ಯಾರಾದರೂ ರಿಯಲ್ ಟೈಮ್ ಅಂತ ಮಾರಿದರೆ ತೆಗೆದುಕೊಳ್ಳಬೇಡಿ. ಒಂದು ನಿಮಿಷದೊಳಗೆ ಬರಬೇಕು.

ಸೋಲಾರ್ ಇದ್ದೂ ಯಾಕೆ ಮೀರುತ್ತದೆ ಅಂದಿರಲ್ಲ, ಅದಕ್ಕೆ ಎರಡು ಕಾರಣ. ಒಂದು ಮೋಡ. ನಮ್ಮ 200 ಕಿಲೋವ್ಯಾಟ್ ಪ್ಯಾನಲ್ ಬಿಸಿಲಲ್ಲಿ 150ರ ಆಸುಪಾಸು ಕೊಡುತ್ತಿರುತ್ತದೆ. ಜೂನ್‌ನಲ್ಲಿ ಒಂದು ಕಪ್ಪು ಮೋಡ ಅಡ್ಡ ಬಂದರೆ ಎರಡು ಮೂರು ನಿಮಿಷದಲ್ಲಿ 40ಕ್ಕೆ ಬೀಳುತ್ತದೆ, ಅದೇ ಹೊತ್ತಿಗೆ ಫರ್ನೇಸ್ ಫುಲ್ ಪವರ್‌ನಲ್ಲಿದ್ದರೆ ಆ ಭಾರವೆಲ್ಲ ಗ್ರಿಡ್ ಮೇಲೆ. ಎರಡನೆಯದು ಜಾಸ್ತಿ ಜನ ಗಮನಿಸುವುದಿಲ್ಲ. ಸಾಮಾನ್ಯವಾಗಿ ಸೋಲಾರ್ ಇನ್ವರ್ಟರ್ ಕಿಲೋವ್ಯಾಟ್ (ನಿಜವಾಗಿ ಕೆಲಸ ಮಾಡುವ ಪವರ್) ಮಾತ್ರ ಕೊಡುತ್ತದೆ, ಕೆವಿಎಆರ್ (ಮೋಟರ್‌ನಂಥವಕ್ಕೆ ಕಾಂತಕ್ಷೇತ್ರ ಕಟ್ಟಲು ಬೇಕಾಗುವ ರಿಯಾಕ್ಟಿವ್ ಪವರ್) ಅಷ್ಟೂ ಗ್ರಿಡ್‌ನಿಂದಲೇ ಬರುತ್ತದೆ. 400 ಕಿಲೋವ್ಯಾಟ್ ಲೋಡು, 130 ಕೆವಿಎಆರ್ ಇದ್ದಾಗ ಪವರ್ ಫ್ಯಾಕ್ಟರ್ (ಕಿಲೋವ್ಯಾಟನ್ನು ಕೆವಿಎಯಿಂದ ಭಾಗಿಸಿದ್ದು) 0.95. ಸೋಲಾರ್ 200 ಕೊಟ್ಟಿತು ಅನ್ನಿ. ಗ್ರಿಡ್‌ನಿಂದ 200 ಕಿಲೋವ್ಯಾಟ್ ಮಾತ್ರ, ಆದರೆ ಕೆವಿಎಆರ್ ಅದೇ 130. ಪವರ್ ಫ್ಯಾಕ್ಟರ್ 0.84ಕ್ಕೆ ಇಳಿಯಿತು. ಕೆವಿಎ ನೀವು ಅಂದುಕೊಂಡಷ್ಟು ಕಡಿಮೆ ಆಗಲಿಲ್ಲ, ಮೇಲೆ ಪವರ್ ಫ್ಯಾಕ್ಟರ್ ದಂಡ ಬೇರೆ. ಎಪಿಎಫ್‌ಸಿ (ಪವರ್ ಫ್ಯಾಕ್ಟರನ್ನು ತಾನಾಗಿ ಸರಿಪಡಿಸುವ) ಪ್ಯಾನಲ್‌ನ ಕೆಪಾಸಿಟರ್‌ಗಳನ್ನು ಮೊದಲು ಪರೀಕ್ಷೆ ಮಾಡಿಸಿ. ಸುಮಾರು ಸಲ ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ.

ಇನ್ನು ತಗ್ಗಿಸುವ ವಿಚಾರ. ಸುಮ್ನೆ ಅಲಾರಂ ಹೊಡೆದರೆ ಯಾರೂ ಏನೂ ಮಾಡುವುದಿಲ್ಲ. ಮೊದಲ ತಿಂಗಳು ನಾನು ಫೋನ್ ನೋಡಿಕೊಂಡು ಫರ್ನೇಸ್ ಹತ್ತಿರ ಓಡುತ್ತಿದ್ದೆ, ಆಪರೇಟರ್ "ಸಾಹೇಬ್ರ, ಇನ್ನ ಹತ್ತ್ ನಿಮಿಷ ತಡೀರಿ, ಲ್ಯಾಡಲ್ ರೆಡಿ ಐತಿ" ಅನ್ನುತ್ತಿದ್ದ. ಲ್ಯಾಡಲ್ ಅಂದರೆ ಕರಗಿದ ಕಬ್ಬಿಣ ಹೊರುವ ಪಾತ್ರೆ. ಅವನದು ತಪ್ಪಲ್ಲ. ಕರಗಿದ ಕಬ್ಬಿಣ ತಣ್ಣಗಾದರೆ ಮೋಲ್ಡ್ ಹಾಳು, ಬೈಗುಳ ಅವನಿಗೆ. ಕೊನೆಗೆ ಒಂದು ಮಧ್ಯಾಹ್ನ ಎಲ್ಲರೂ ಕೂತು ಕ್ರಮ ಗೊತ್ತುಮಾಡಿದೆವು. ಮೊದಲು ಶಾಟ್ ಬ್ಲಾಸ್ಟ್ (ಎರಕದ ಮೇಲ್ಮೈ ಶುಚಿ ಮಾಡುವ ಯಂತ್ರ), ಆಮೇಲೆ ಸ್ಯಾಂಡ್ ಪ್ಲಾಂಟ್ (ಮೋಲ್ಡ್‌ಗೆ ಮರಳು ತಯಾರಿಸುವುದು), ಆಮೇಲೆ ಎರಡನೇ ಕಂಪ್ರೆಸರ್ (ಟ್ಯಾಂಕ್‌ನಲ್ಲಿ ಗಾಳಿ ಇರುತ್ತದೆ, ಕೆಲವು ನಿಮಿಷ ನಡೆಯುತ್ತದೆ). ಕೊನೆಗೆ ಫರ್ನೇಸ್, ಅದೂ ಪೂರ್ತಿ ಬಂದ್ ಅಲ್ಲ, 350ರಿಂದ 150 ಕಿಲೋವ್ಯಾಟ್‌ಗೆ ಇಳಿಸುವುದು, ಟ್ಯಾಪಿಂಗ್ (ಫರ್ನೇಸ್‌ನಿಂದ ಲೋಹ ಸುರಿಯುವುದು) ನಡೆಯುವಾಗ ಅದೂ ಇಲ್ಲ. ಫರ್ನೇಸ್ ಕಾಯಿಲ್‌ನ ಕೂಲಿಂಗ್ ವಾಟರ್ ಪಂಪ್ ಮತ್ತು ಲ್ಯಾಡಲ್ ಎತ್ತುವ ಕ್ರೇನ್ ಈ ಪಟ್ಟಿಗೆ ಯಾವತ್ತೂ ಬರಬಾರದು. ನೀರು ನಿಂತರೆ ಕಾಯಿಲ್ ಸುಡುತ್ತದೆ, ಪಕ್ಕದಲ್ಲಿ ನಿಂತವರ ಜೀವಕ್ಕೂ ಅಪಾಯ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಡಿಜಿಯನ್ನು ದಿನವಿಡೀ ಓಡಿಸಬೇಡಿ. ಒಂದು ಲೀಟರ್ ಡೀಸೆಲ್‌ಗೆ ಮೂರೂವರೆ ಯೂನಿಟ್ ಬಂದರೆ ಚೆನ್ನಾಗಿ ಬಂತು ಅನ್ನಬೇಕು. ಲೀಟರ್‌ಗೆ 90 ರೂಪಾಯಿ ಹಿಡಿದರೂ ಯೂನಿಟ್ 25 ರೂಪಾಯಿ ದಾಟುತ್ತದೆ, ಅದೂ ಬರೀ ಎಣ್ಣೆ ಖರ್ಚು. ಮೋಡ ಬಿಡುವ ಲಕ್ಷಣ ಇಲ್ಲ, ಹೀಟ್ (ಫರ್ನೇಸ್‌ನಲ್ಲಿ ಕರಗುತ್ತಿರುವ ಕಂತು) ನಿಲ್ಲಿಸುವಂತೆಯೂ ಇಲ್ಲ ಅಂತಾದಾಗ ಮಾತ್ರ ನಾವು ಕಂಪ್ರೆಸರ್ ಮತ್ತು ಸ್ಯಾಂಡ್ ಪ್ಲಾಂಟ್ ಫೀಡರನ್ನು ಚೇಂಜ್‌ಓವರ್ (ಗ್ರಿಡ್‌ನಿಂದ ಡಿಜಿಗೆ ಬದಲಿಸುವ ಸ್ವಿಚ್) ಮೂಲಕ ಡಿಜಿಗೆ ಹಾಕುತ್ತೇವೆ. ಗ್ರಿಡ್ ಜೊತೆ ಸಿಂಕ್ ಮಾಡುವ ಪ್ಯಾನಲ್ ನಮ್ಮಲ್ಲಿಲ್ಲ, ಹಾಗಾಗಿ ಒಂದು ಕ್ಷಣ ಕರೆಂಟ್ ಹೋಗಿ ಬರುತ್ತದೆ, ಆ ಯಂತ್ರಗಳಿಗೆ ಅದರಿಂದ ತೊಂದರೆಯಿಲ್ಲ. ಕರೆಂಟ್ ಹೋದಾಗ ಸೋಲಾರನ್ನೂ ಡಿಜಿ ಜೊತೆ ಓಡಿಸುವ ಯೋಚನೆ ಇದ್ದರೆ ಅದಕ್ಕೆ ಬೇರೆ ಕಂಟ್ರೋಲರ್ ಬೇಕು, ಇಲ್ಲದಿದ್ದರೆ ಸೋಲಾರ್ ಜಾಸ್ತಿಯಾದಾಗ ಪವರ್ ಡಿಜಿಗೇ ತಿರುಗಿ ನುಗ್ಗುತ್ತದೆ.

ನಾವು ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೀಟರ್ ಹಾಕಿದ ಎರಡನೇ ತಿಂಗಳು ನಮ್ಮ ಸ್ಕ್ರೀನ್ ಪ್ರಕಾರ ಗರಿಷ್ಠ 492, ಬಿಲ್ ಬಂದದ್ದು 531. ವಾರಗಟ್ಟಲೆ ತಲೆ ಕೆಡಿಸಿಕೊಂಡೆವು. ಕೊನೆಗೆ ನೋಡಿದರೆ ನಮ್ಮ ಮೀಟರ್ ಗಡಿಯಾರ ಬಿಲ್ಲಿಂಗ್ ಮೀಟರ್‌ಗಿಂತ ನಾಲ್ಕು ನಿಮಿಷ ಹಿಂದಿತ್ತು. ನಾವು ಕಾಯುತ್ತಿದ್ದ ತುಂಡೇ ಬೇರೆ, ಅವರು ಅಳೆಯುತ್ತಿದ್ದ ತುಂಡೇ ಬೇರೆ. ಜೊತೆಗೆ ನಮ್ಮ ಮೀಟರ್ ಎಲ್‌ಟಿ ಕಡೆ (ಟ್ರಾನ್ಸ್‌ಫಾರ್ಮರ್ ದಾಟಿದ ಮೇಲಿನ ಲೋ ಟೆನ್ಷನ್ ಕಡೆ) ಇತ್ತು, ಟ್ರಾನ್ಸ್‌ಫಾರ್ಮರ್ ತಿನ್ನುವ ಪಾಲು ಅದರಲ್ಲಿ ಕಾಣುವುದೇ ಇಲ್ಲ. ಈಗ ಪ್ರತಿ ತಿಂಗಳು ರೀಡಿಂಗ್ ದಿನ ಎರಡೂ ಗಡಿಯಾರ ಹೋಲಿಸುತ್ತೇವೆ, 500 ಅಲ್ಲ, 480ಕ್ಕೇ ಎಚ್ಚರಿಕೆ ಇಟ್ಟಿದ್ದೇವೆ. ಇನ್ನೊಂದು, ಲೋಡ್ ಕತ್ತರಿಸುವ ರಿಲೇ ನಿಮ್ಮ ಪ್ಯಾನಲ್ ರೂಮಿನಲ್ಲೇ ತೀರ್ಮಾನ ಮಾಡುವಂತಿರಲಿ. ಮೀಟರ್‌ನ ಸಿಮ್‌ಗೆ ಸಿಗ್ನಲ್ ಸಿಗದಿದ್ದರೂ ಅದು ಕೆಲಸ ಮಾಡಬೇಕು. ಇಂಟರ್‌ನೆಟ್ ನಿಮಗೆ ನೋಡುವುದಕ್ಕೆ, ಮೆಸೇಜ್ ಬರುವುದಕ್ಕೆ.

ಇದೇನೂ ಹೊಸ ವಿಚಾರ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕರೆಂಟ್ ಬಿಕ್ಕಟ್ಟು ಬಂದಾಗ, 2001ರಲ್ಲಿ, 200 ಕಿಲೋವ್ಯಾಟ್ ಮೀರಿದ ಗ್ರಾಹಕರಿಗೆ ಇಂಥ ಮೀಟರ್ ಹಾಕಿಸಲು ಸರ್ಕಾರವೇ 3.5 ಕೋಟಿ ಡಾಲರ್ ಕೊಟ್ಟಿತ್ತು. ನಮ್ಮಲ್ಲೂ 2023ರ ಕೇಂದ್ರದ ನಿಯಮದಲ್ಲಿ ಹೊತ್ತಿಗೆ ತಕ್ಕ ದರ ಬಂದಿದೆ, ಬಿಸಿಲಿನ ಹೊತ್ತಿಗೆ ಕಡಿಮೆ, ಪೀಕ್ ಹೊತ್ತಿಗೆ ಜಾಸ್ತಿ. ಹೀಗಾಗಿ ಯಾವ ಹೊತ್ತಲ್ಲಿ ಎಷ್ಟು ಬಳಸಿದಿರಿ ಅನ್ನುವುದು ಇನ್ನು ಮುಂದೆ ಇನ್ನೂ ಮುಖ್ಯವಾಗುತ್ತದೆ.

ಆದರೆ ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬಿಲ್ಲಿಂಗ್ ಮೀಟರ್‌ನ ಕಳೆದ ಎರಡು ತಿಂಗಳ ಲೋಡ್ ಸರ್ವೇ (ಪ್ರತಿ ತುಂಡಿನ ಲೋಡಿನ ದಾಖಲೆ) ಕೊಡಿ ಅಂತ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸ್‌ನಲ್ಲಿ ಅರ್ಜಿ ಕೊಡಿ. ಮೀರಿದ್ದೆಲ್ಲ ಬೆಳಗ್ಗೆ ಶಿಫ್ಟ್ ಶುರುವಾಗುವಾಗಲೇ ಆಗಿದ್ದರೆ, ಎಲ್ಲ ಮೋಟರ್ ಒಟ್ಟಿಗೆ ಹಾಕುವುದನ್ನು ಬಿಟ್ಟರೆ ಸಾಕು, ಮೀಟರ್ ಖರ್ಚೇ ಬೇಡ. ಹೊತ್ತು ಗೊತ್ತಿಲ್ಲದೆ ಎಲ್ಲೆಲ್ಲೋ ಮೀರಿದ್ದರೆ ಆ ಶೀಟನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.