ಚಿನ್ನ ಬಿಡಿ ಸರ್, ಚೂರು ನೋಡಿ

ಓದುಗರ ಪತ್ರ: ಬ್ಯಾಂಕಿಂದ ರಿಟೈರ್ ಆಗಿ ಸದ್ಯ ಲಂಡನ್ನಲ್ಲಿ ಮಗಳ ಮನೇಲಿದೀನಿ. ಸುಮ್ನೆ ಕೂರೋದ್ಯಾಕೆ ಅಂತ ಇಲ್ಲಿನ ಒಂದು ಮ್ಯೂಸಿಯಂನಲ್ಲಿ ಪ್ರಾಚೀನ ಈಜಿಪ್ಟ್ ಬಗ್ಗೆ ಕೋರ್ಸಿಗೆ ಸೇರಿದೆ. ಪಿರಮಿಡ್ಡು, ಟೂಟನ್‌ಖಾಮನ್, ಕ್ಲಿಯೋಪಾತ್ರ ಅಂದ್ಕೊಂಡು ಹೋದ್ರೆ ಇದುವರೆಗೂ ಬರೀ ಕಲ್ಲು ಚೂರು, ಮಡಕೆ ಚೂರು, ಕೂಲಿಯವರ ಹಾಜರಿ ಪಟ್ಟಿ. ಇದೆಲ್ಲಾ ಯೂಟ್ಯೂಬಲ್ಲಿ ಫ್ರೀಯಾಗೇ ಸಿಗುತ್ತಲ್ಲ, ದುಡ್ಡು ದಂಡ ಮಾಡ್ಕೊಂಡ್ನಾ?
– ಶಿವಮೊಗ್ಗದ ಓದುಗರು

ಸಂಪಾದಕರ ಉತ್ತರ: ಖಂಡಿತ ದಂಡ ಆಗಿಲ್ಲ ಸರ್. ಪತ್ರ ಓದಿ ನನಗೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯ್ತು.

ನೀವು ಮೂಗು ಮುರಿದ ಹಾಜರಿ ಪಟ್ಟಿ ಬ್ರಿಟಿಷ್ ಮ್ಯೂಸಿಯಂನಲ್ಲಿರೋ ಸುಣ್ಣಕಲ್ಲಿನ ಚೂರೇ ಇರ್ಬೇಕು. 2ನೇ ರಾಮ್ಸೆಸ್ ಆಳ್ವಿಕೆಯ 40ನೇ ವರ್ಷದ್ದು, 3,200 ವರ್ಷಕ್ಕಿಂತ ಹಳೇದು. ರಾಜರ ಕಣಿವೆಯಲ್ಲಿ ಗೋರಿ ಕೊರೆಯೋ ಕೆಲಸಗಾರರ ಊರು ದೇರ್ ಎಲ್-ಮದೀನಾ, ಅಲ್ಲಿನವರು ಯಾರ್ಯಾರು ಯಾವತ್ತು ಕೆಲಸಕ್ಕೆ ಬರ್ಲಿಲ್ಲ, ಯಾಕೆ ಬರ್ಲಿಲ್ಲ ಅಂತ ಅದರಲ್ಲಿ ಬರ್ಕೊಂಡಿದಾರೆ. ಒಬ್ಬನಿಗೆ ಚೇಳು ಕುಟುಕಿದೆ, ಇನ್ನೊಬ್ಬನಿಗೆ ಕಣ್ಣು ಬೇನೆ, ಮತ್ತೊಬ್ಬ ತೀರಿಕೊಂಡ ತಾಯಿ ದೇಹಕ್ಕೆ ಬಟ್ಟೆ ಸುತ್ತೋಕೆ ಹೋಗಿದಾನೆ, ಇನ್ಯಾರೋ ಮನೇಲಿ ಬಿಯರ್ ಮಾಡ್ತಾ ಇದಾನೆ. ಸರ್, ಸರ್ವಿಸಲ್ಲಿ ಎಷ್ಟು ರಜಾ ಅರ್ಜಿಗೆ ಸೈನ್ ಹಾಕಿದೀರಿ ನೀವು! ಈ ಕಲ್ಲನ್ನ ಓದೋಕೆ ಇಡೀ ಕ್ಲಾಸಲ್ಲಿ ನಿಮಗಿಂತ ಲಾಯಕ್ಕಾದವರು ಯಾರಿದಾರೆ ಹೇಳಿ, ಯಾವ ನೆಪ ನಿಜ ಯಾವುದು ಸುಳ್ಳು ಅಂತ ನೋಡಿದ ತಕ್ಷಣ ಗೊತ್ತಾಗಿರುತ್ತೆ ನಿಮಗೆ.

ಅದೇ ಊರಿನ ಇನ್ನೊಂದು ಕಥೆ ಇಟಲಿಯ ಟುರಿನ್ ಮ್ಯೂಸಿಯಂನ ಪಪೈರಸ್ ಹಾಳೇಲಿದೆ. 3ನೇ ರಾಮ್ಸೆಸ್‌ನ 29ನೇ ವರ್ಷ, ಕೂಲಿ ಅಂದ್ರೆ ಆಗ ದವಸ, ಅದು ಬರೋದು ತಡ ಆಗಿ ಆಗಿ ಇವರು ಉಳಿ ಸುತ್ತಿಗೆ ಕೆಳಗಿಟ್ಟು ಎದ್ದು ಬಂದು ದೇವಸ್ಥಾನದ ಹಿಂದೆ ಕೂತ್ಬಿಟ್ರು. ಹಸಿವು, ಬಾಯಾರಿಕೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ಹೋಗಿ ರಾಜನಿಗೆ ಬರೀರಿ ಅಂದ್ರು. ದಾಖಲೆ ಸಿಕ್ಕಿರೋ ಮುಷ್ಕರಗಳಲ್ಲಿ ಇದೇ ಮೊದಲನೇದು ಅಂತಾರೆ. ಬ್ಯಾಂಕ್ ಯೂನಿಯನ್ನಲ್ಲಿ ಇದ್ದವರಿಗೆ ಇದನ್ನ ನಾನು ಬಿಡಿಸಿ ಹೇಳ್ಬೇಕಾ?

ಟೂಟನ್‌ಖಾಮನ್ ಮುಖವಾಡ ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ, ಚಿನ್ನ ಯಾರಿಗೆ ಬೇಡ. ಆದ್ರೆ 1922ರಲ್ಲಿ ಹೋವರ್ಡ್ ಕಾರ್ಟರ್ ತೆಗೆದ ಅದೇ ಗೋರಿಯಲ್ಲಿ ಚಪ್ಪಲಿ, ಲಂಗೋಟಿ, ಬುಟ್ಟಿ ಎಲ್ಲಾ ಇತ್ತು. ವೈನ್ ಜಾಡಿಗಳ ಮೇಲೆ ಯಾವ ವರ್ಷದ್ದು, ಯಾವ ತೋಟದ್ದು, ಮಾಡಿದವನ ಹೆಸರೇನು ಅಂತ ಬರೆದಿತ್ತು. ಮುಖವಾಡದ ಫೋಟೋ ನೋಡಿದವರಲ್ಲಿ ಆ ವೈನ್ ಮಾಡಿದವನ ಬಗ್ಗೆ ಎಷ್ಟು ಜನ ಕೇಳಿದಾರೆ?

ಇನ್ನು ಯೂಟ್ಯೂಬು. ಪಿರಮಿಡ್ ಕಟ್ಟಿದ್ದು ಏಲಿಯನ್ಸ್ ಅನ್ನೋ ವಿಡಿಯೋ ನನ್ನ ಫ್ಯಾಮಿಲಿ ಗ್ರೂಪಲ್ಲೂ ಬರುತ್ತೆ, ಓದಿದವರೇ ಕಳಿಸ್ತಾರೆ. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ಪಿಯರ್ ತಾಲೆ ತಂಡಕ್ಕೆ ಪಪೈರಸ್ ಹಾಳೆಗಳು ಸಿಕ್ಕಿವೆ, ಅದರಲ್ಲಿ ಮೆರೆರ್ ಅನ್ನೋ ಮೇಸ್ತ್ರಿ ಡೈರಿ ಇದೆ. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ರಾಜ ಖೂಫು ಕಾಲದ್ದು. ತುರಾದ ಗಣಿಯಿಂದ ಸುಣ್ಣಕಲ್ಲನ್ನ ದೋಣಿಗೆ ಹೇರಿ ನೈಲ್ ದಾಟಿಸಿ ಗೀಜಾಕ್ಕೆ ಸಾಗಿಸಿದ್ದನ್ನ ಅವನು ದಿನದಿನದ ಲೆಕ್ಕ ಬರೆದಿಟ್ಟಿದಾನೆ. ಇಷ್ಟಾದ್ಮೇಲೂ ಏಲಿಯನ್ಸ್ ಅಂದ್ರೆ ಆ ಮನುಷ್ಯನಿಗೆ ಅವಮಾನ ಅಲ್ವಾ.

ಮಡಕೆ ಚೂರಿನ ವಿಷಯಕ್ಕೆ ಬರ್ತೀನಿ. ಫ್ಲಿಂಡರ್ಸ್ ಪೆಟ್ರಿ ಅಂತ ಒಬ್ಬ ಇಂಗ್ಲಿಷ್ ಪ್ರಾಕ್ತನಶಾಸ್ತ್ರಜ್ಞ, ಬೇರೆಯವರೆಲ್ಲಾ ವಿಗ್ರಹದ ಹಿಂದೆ ಬಿದ್ದಿದ್ದಾಗ ಈತ ಒಡೆದ ಮಡಕೆ ಆರಿಸ್ತಿದ್ದ. ಮಡಕೆ ಆಕಾರ ಹೇಗೆ ಹೇಗೆ ಬದಲಾಗ್ತಾ ಹೋಯ್ತು ಅನ್ನೋದನ್ನ ಹಿಡ್ಕೊಂಡೇ, ಬರಹ ಹುಟ್ಟೋ ಮುಂಚಿನ ಗೋರಿಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸಿಟ್ಟ. ಅವನ ಹೆಸರಿನ ಮ್ಯೂಸಿಯಂ ನಿಮ್ಮ ಲಂಡನ್ನಲ್ಲೇ ಯೂನಿವರ್ಸಿಟಿ ಕಾಲೇಜಲ್ಲಿದೆ, ಟಿಕೆಟ್ಟೂ ಇಲ್ಲ. ಹೋಗಿಬನ್ನಿ.

ನಮ್ಮವರು ಭಾಷಣದಲ್ಲಿ ಎದೆಯುಬ್ಬಿಸಿ ಹೇಳೋ ಆ ಗ್ರೀಕ್ ಪ್ರಹಸನ ಇದ್ಯಲ್ಲ, ಅದರಲ್ಲಿ ಕನ್ನಡ ಮಾತಿದೆ ಅಂತ, ವಿದ್ವಾಂಸರು ಇನ್ನೂ ಒಪ್ಪಿ ಮುಗಿಸಿಲ್ಲ, ಅದಿರ್ಲಿ. ಆ ಹಾಳೆ ಸಿಕ್ಕಿದ್ದು ಎಲ್ಲಿ? ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ಗುಡ್ಡೇಲಿ. ಗ್ರೆನ್‌ಫೆಲ್ ಮತ್ತೆ ಹಂಟ್ ಅನ್ನೋ ಇಬ್ಬರು 1896ರಿಂದ ಆ ತಿಪ್ಪೆ ಅಗೆಯೋಕೆ ಶುರು ಮಾಡದೇ ಇದ್ದಿದ್ರೆ ನಮ್ಮ ಭಾಷಣಕಾರರು ಏನು ಹೇಳ್ತಿದ್ರೋ.

ನಮ್ಮಲ್ಲೂ ಚೂರಿಗೇನು ಬರ ಇಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಗೆದಾಗ ಕಾಲ ಗೊತ್ತು ಮಾಡೋಕೆ ಆಸರೆಯಾಗಿದ್ದೂ ಮಡಕೆ ಚೂರೇ. ಆದ್ರೆ ಅದನ್ನ ಕೈಗೆ ಕೊಟ್ಟು ಪಾಠ ಹೇಳೋರು ಯಾರು? ನಾನು ನೋಡಿದ ಒಂದು ಮ್ಯೂಸಿಯಂನಲ್ಲಿ ಧೂಳು ಹಿಡಿದ ಗಾಜಿನ ಕೆಳಗೆ "ಮಡಕೆ ಚೂರುಗಳು" ಅಂತ ಚೀಟಿ, ಎಲ್ಲಿಯದು ಯಾವ ಕಾಲದ್ದು ಏನೂ ಇಲ್ಲ, ಸ್ಕೂಲ್ ಮಕ್ಕಳನ್ನ ಲೈನಲ್ಲಿ ಒಂದು ಬಾಗಿಲಿಂದ ಒಳಗೆ ಬಿಟ್ಟು ಇನ್ನೊಂದು ಬಾಗಿಲಿಂದ ಆಚೆ ಕಳಿಸ್ತಾ ಇದ್ರು, ಒಂದು ಹುಡುಗಿ ನಿಂತು ಏನೋ ಕೇಳಿದ್ದಕ್ಕೆ "ನಡೀ ನಡೀ" ಅಂದ್ರು. ನಿಮಗೆ ಅಲ್ಲಿ ನಿಂತು ಕೇಳೋ ಅವಕಾಶ ಸಿಕ್ಕಿದೆ, ನೀವು ಕ್ಲಿಯೋಪಾತ್ರ ಯಾವಾಗ ಬರ್ತಾಳೆ ಅಂತ ಗಡಿಯಾರ ನೋಡ್ತಾ ಇದೀರಿ!

ಕೋರ್ಸ್ ಅರ್ಧಕ್ಕೆ ಬಿಡ್ಬೇಡಿ. ಮುಗಿಸಿದ ಮೇಲೆ ಆ ರಜಾ ಪಟ್ಟಿ ಬಗ್ಗೆ ಬ್ಯಾಂಕ್ ಮ್ಯಾನೇಜರ್ ಕಣ್ಣಲ್ಲಿ ಒಂದು ಲೇಖನ ಬರೆದು ಕಳಿಸಿ, ಹಾಕ್ತೀವಿ. ಸಂಭಾವನೆ ಮಾತ್ರ 3ನೇ ರಾಮ್ಸೆಸ್ ಕಾಲದ ಥರ ಸ್ವಲ್ಪ ತಡ ಆಗ್ಬಹುದು, ಆಫೀಸ್ ಹಿಂದೆ ಬಂದು ಕೂರ್ಬೇಡಿ.