ಎಂ-ಥ್ರೀ ಪೇಪರು ಮತ್ತು ಅಪ್ಪನ ಕಾಯಿಲೆ

ಹೆಸರು, ಅಂಕಿ, ಕೆಲಸದ ವಿವರ ಬದಲಿಸಿದ್ದೇನೆ. ಹುಡುಗ ಮತ್ತು ಅವನ ಅಪ್ಪ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹುಡುಗನನ್ನು ಪ್ರಶಾಂತ ಎನ್ನೋಣ.

ಜನವರಿಯ ಒಂದು ಭಾನುವಾರ ಅಪ್ಪ-ಮಗ ಡೊಂಬಿವಲಿಯಿಂದ ಮಾಟುಂಗಕ್ಕೆ, ನನ್ನ ಹತ್ತಿರ ಬಂದರು. ಓದು, ಪ್ರವೇಶದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಯ ಮೆಗಾಬ್ಲಾಕ್ ಇತ್ತು, ಬರುವಾಗ ಒಂದು ಗಂಟೆ ತಡ. ಅಪ್ಪ ಕುಂದಾಪುರದ ಕಡೆಯವರು. 16ನೇ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ಈಗ ಸ್ವಂತದ್ದೊಂದು ಸಣ್ಣ ಹೋಟೆಲು ಇಟ್ಟಿದ್ದಾರೆ. ಕೂತ ಕೂಡಲೇ ಕೇಳಿದರು: "ಮೇಡಂ, ಇವನಿಗೆ ಒಂದು ಎಂಬಿಎ ಸೀಟು ಆಗಬೇಕು. ಡೊನೇಷನ್ ಕೊಟ್ಟರೆ ಎಲ್ಲಿಯಾದರೂ ಆಗ್ತದಾ? ಊರಿನಲ್ಲಿ ಸ್ವಲ್ಪ ತೋಟ ಉಂಟು."

ತೋಟದ ಮಾತು ಆಮೇಲೆ ಆಡೋಣ, ಮೊದಲು ನಾನು ಇವನ ಜೊತೆ ಮಾತಾಡುತ್ತೇನೆ ಎಂದೆ. ಅವರು ಹೊರಗೆ ಬೆಂಚಿನ ಮೇಲೆ ಕೂತರು.

ಪ್ರಶಾಂತನ ಫೈಲು ಅಚ್ಚುಕಟ್ಟಾಗಿತ್ತು. 10ರಲ್ಲಿ ಶೇ. 91, 12ರಲ್ಲಿ ಶೇ. 84. ಆಮೇಲೆ ಮುಂಬಯಿ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಇಂಜಿನಿಯರಿಂಗು, ಸಿಜಿಪಿಐ, ಅಂದರೆ ಎಲ್ಲ ಸೆಮಿಸ್ಟರು ಸೇರಿಸಿದ ಗ್ರೇಡು, ಹತ್ತಕ್ಕೆ 6.1. ಐದು ಕೇಟಿ. ಮುಂಬಯಿಯಲ್ಲಿ ಓದಿದವರಿಗೆ ಕೇಟಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಫೇಲಾದ ವಿಷಯವನ್ನು ಬೆನ್ನಿಗೆ ಕಟ್ಟಿಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗುವುದು. ಡಿಗ್ರಿ ಮುಗಿದು ಎರಡೂವರೆ ವರ್ಷ. ಭಿವಂಡಿಯ ಒಂದು ಗೋಡೌನಿನಲ್ಲಿ ಮಾಲಿನ ಆವಕ-ಜಾವಕ ನೋಡಿಕೊಳ್ಳುವ ಕೆಲಸ. ಐಐಎಂನಂಥ ಎಂಬಿಎ ಕಾಲೇಜುಗಳ ಪ್ರವೇಶ ಪರೀಕ್ಷೆ ಕ್ಯಾಟ್‌ನಲ್ಲಿ 93.8 ಪರ್ಸೆಂಟೈಲ್. ಇಂಟರ್ವ್ಯೂಗೆ ಒಂದೂ ಕಾಲ್ ಬಂದಿರಲಿಲ್ಲ.

ಫೈಲಿನ ಕೊನೆಯಲ್ಲಿ ಒಂದು ಪುಟದ ಟಿಪ್ಪಣಿ ಇತ್ತು. ಅಂಕ ಯಾಕೆ ಕಡಿಮೆ ಎಂದು ಕೇಳುವ ಕಡೆಯೆಲ್ಲ ಅದನ್ನೇ ಹಾಕಿದ್ದನಂತೆ. ಎರಡನೇ ವರ್ಷದಲ್ಲಿ ಅಪ್ಪನಿಗೆ ತುಂಬಾ ಹುಷಾರಿರಲಿಲ್ಲ, ಮನೆ-ಹೋಟೆಲು ಎರಡೂ ನನ್ನ ಮೇಲೆ ಬಿತ್ತು, ಹಾಗಾಗಿ ಓದಲು ಆಗಲಿಲ್ಲ ಎಂದು ಬರೆದಿದ್ದ.

"ಅಪ್ಪ ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದರು?"

"ಹನ್ನೆರಡು ದಿನ."

"ಯಾವಾಗ?"

"ದೀಪಾವಳಿ ಹೊತ್ತಿಗೆ... ಥರ್ಡ್ ಇಯರ್."

ಮಾರ್ಕ್‌ಶೀಟುಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿದೆ. ಮೊದಲ ಕೇಟಿ ಮೂರನೇ ಸೆಮಿಸ್ಟರಿನದು, ಎಂದರೆ ಎರಡನೇ ವರ್ಷದ್ದು. ಅಪ್ಪ ಮಲಗುವ ಹೊತ್ತಿಗೆ ಮಗ ಆಗಲೇ ಫೇಲಾಗಿ ಒಂದು ವರ್ಷ ಆಗಿತ್ತು. ಇದನ್ನು ಹುಡುಕಲು ನನಗೆ ಎರಡು ನಿಮಿಷ ಸಾಕಾಯಿತು. ದಿನಕ್ಕೆ ಹತ್ತಾರು ಮಕ್ಕಳನ್ನು ನೋಡುವ ಇಂಟರ್ವ್ಯೂ ಪ್ಯಾನೆಲ್ಲಿಗೆ ಅಷ್ಟೂ ಬೇಡ.

ಅವನು ತಲೆ ಎತ್ತಲಿಲ್ಲ. ಗೆಳೆಯನೊಬ್ಬ ಹೀಗೆ ಬರೆದರೆ ಕೇಳೋರಿಗೆ ಕರುಣೆ ಬರುತ್ತೆ ಎಂದಿದ್ದನಂತೆ. ನಾನು ಸುಮ್ನೆ ಕೂತೆ. ಇಂಥ ಹೊತ್ತಿನಲ್ಲಿ ಸಲಹೆಗಾರರು ಮಾತು ಜಾಸ್ತಿ ಆಡಬಾರದು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಶುರು ಮಾಡಿದ. ಎಂ-ಥ್ರೀ, ಅಂದರೆ ಮೂರನೇ ಸೆಮಿಸ್ಟರಿನ ಗಣಿತ. 80ಕ್ಕೆ 24 ಬಂತು, ಪಾಸಿಗೆ 32 ಬೇಕು. ಜೀವಮಾನದಲ್ಲಿ ಮೊದಲ ಸಲ ಫೇಲು. 10ನೇ ರಿಸಲ್ಟ್ ಬಂದಾಗ ಅಪ್ಪ ಹೋಟೆಲಿನ ಗಿರಾಕಿಗಳಿಗೆಲ್ಲ ಜಿಲೇಬಿ ಹಂಚಿದ್ದರು. ಅದೇ ಗಿರಾಕಿಗಳು ಗಲ್ಲಾದ ಹತ್ತಿರ ನಿಂತು "ಮಗ ಹೇಗೆ ಓದ್ತಿದ್ದಾನೆ?" ಎಂದು ಕೇಳುತ್ತಿದ್ದರು, ಅಪ್ಪ "ಫಸ್ಟ್ ಕ್ಲಾಸ್" ಎನ್ನುತ್ತಿದ್ದರು. ಆ ಮಾತಿನ ನಡುವೆ 24 ಎಂಬ ಸಂಖ್ಯೆಯನ್ನು ಹೇಗೆ ಇಡುವುದು? ಹೇಳಲಿಲ್ಲ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದ. ಥಾಣೆಯಲ್ಲಿ ಇಳಿದು ವಾಶಿ ಕಡೆಯ ಟ್ರೇನು ಹಿಡಿಯಬೇಕು. ಎಷ್ಟೋ ದಿನ ಹಿಡಿಯಲೇ ಇಲ್ಲ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿರುತ್ತಿದ್ದ. ಕ್ಲಾಸು ತಪ್ಪಿತು, ಇನ್ನೂ ನಾಲ್ಕು ವಿಷಯ ಹೋಯಿತು. ಆಮೇಲೆ ಒಬ್ಬ ಸೀನಿಯರ್ ದಿನಾ ಸಂಜೆ ಲೈಬ್ರರಿಯಲ್ಲಿ ಕೂರಿಸಿಕೊಂಡು ಹಳೆಯ ಪೇಪರು ಬಿಡಿಸಿದ. ಆರನೇ ಸೆಮಿಸ್ಟರಿನ ಹೊತ್ತಿಗೆ ಐದೂ ಪಾಸು. ಏಳರಲ್ಲಿ 7.9, ಎಂಟರಲ್ಲಿ 8.3.

ಈ ಕತೆಯಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಅವನು ಬರೆದ ಸುಳ್ಳಿಗಿಂತ ಇದು ಎಷ್ಟೋ ಗಟ್ಟಿ. ಬಿದ್ದವನು ಎದ್ದ ಲೆಕ್ಕ ಮಾರ್ಕ್‌ಶೀಟಿನಲ್ಲೇ ಇತ್ತು. ಅದನ್ನು ಬಿಟ್ಟು ಅಪ್ಪನ ಕಾಯಿಲೆಯನ್ನು ಎಳೆದು ತಂದಿದ್ದ.

ನಾನು ಮೊದಲು ಹೇಳಿದ್ದು ಕಾಲೇಜಿನ ವಿಷಯ ಅಲ್ಲ. "ಇದನ್ನು ಮೊದಲು ನಿನ್ನ ಅಪ್ಪನಿಗೆ ಹೇಳು. ಅವರ ಮುಂದೆ ಬಾಯಿಗೆ ಬರದ ಮಾತು ಗುರುತಿಲ್ಲದ ಮೂರು ಜನರ ಮುಂದೆ ಬರಲ್ಲ" ಎಂದೆ. ಎರಡು ವಾರ ಸಮಯ ಕೊಟ್ಟೆ.

ಟಿಪ್ಪಣಿಯನ್ನು ಅಲ್ಲೇ ಕೂತು ಹೊಸದಾಗಿ ಬರೆದೆವು. ನಾಲ್ಕೇ ವಾಕ್ಯ. "ಎರಡನೇ ವರ್ಷದಲ್ಲಿ ಐದು ವಿಷಯ ಫೇಲಾದೆ. ಮೊದಲ ಸೋಲನ್ನು ಮುಚ್ಚಿಟ್ಟು ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದು ನನ್ನ ತಪ್ಪು. ಆರನೇ ಸೆಮಿಸ್ಟರಿನೊಳಗೆ ಎಲ್ಲ ಪಾಸು ಮಾಡಿದೆ, ಕೊನೆಯ ಎರಡು ಸೆಮಿಸ್ಟರಿನಲ್ಲಿ 7.9 ಮತ್ತು 8.3 ತೆಗೆದೆ. ಈಗ ಕೆಲಸದಲ್ಲಿ ತೊಂದರೆ ಕಂಡ ದಿನವೇ ಮೇಲಿನವರಿಗೆ ಹೇಳುತ್ತೇನೆ." ಕೊನೆಯ ವಾಕ್ಯಕ್ಕೆ ಒಂದು ನಿಜವಾದ ಉದಾಹರಣೆ ಕೈಯಲ್ಲಿರಲಿ ಎಂದೆ. ಇತ್ತು. ಒಂದು ಲಾರಿ ಮಾಲು ತಪ್ಪು ಶೆಲ್ಫಿಗೆ ಹೋದಾಗ, ಅದು ತನ್ನದೇ ತಪ್ಪು ಎಂದು ಅದೇ ಸಂಜೆ ಹೇಳಿ ರಾತ್ರಿಯೆಲ್ಲ ಕೂತು ಸರಿ ಮಾಡಿದ್ದ.

ಆಮೇಲೆ ಎಲ್ಲಿಗೆ ಅರ್ಜಿ ಹಾಕುವುದು ಎಂಬ ಪ್ರಶ್ನೆ. ಇಲ್ಲಿ ತುಂಬಾ ಮನೆಗಳು ಎಡವುತ್ತವೆ. ಕ್ಯಾಟ್ ಬರೆಯಲು ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50 ಸಾಕು, ಪರಿಶಿಷ್ಟ ಜಾತಿ-ಪಂಗಡ ಮತ್ತು ಅಂಗವಿಕಲರಿಗೆ ಶೇ. 45. ಆದರೆ ಬರೆಯಲು ಅರ್ಹತೆ ಬೇರೆ, ಕಾಲ್ ಬರುವುದು ಬೇರೆ. ಅಹಮದಾಬಾದ್, ಬೆಂಗಳೂರಿನಂಥ ಹಳೆಯ ಐಐಎಂಗಳು 10, 12ರ ಅಂಕಗಳನ್ನೂ ಡಿಗ್ರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಪ್ರತಿ ಐಐಎಂ ಯಾವುದಕ್ಕೆ ಎಷ್ಟು ತೂಕ ಎಂದು ತನ್ನ ಪ್ರವೇಶ ನೀತಿಯಲ್ಲಿ ಬರೆದಿರುತ್ತದೆ. ಅರ್ಜಿ ತುಂಬುವ ಮೊದಲು ಅದನ್ನು ಓದಬೇಕು. ಪ್ರಶಾಂತ ಓದಿರಲೇ ಇಲ್ಲ. ಸಿಜಿಪಿಐಯನ್ನು ಶೇಕಡಾ ಮಾಡುವಾಗಲೂ ಸುಮ್ನೆ ಹತ್ತರಿಂದ ಗುಣಿಸಿದ್ದ. ಅವರವರ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಬೇಕು. ಇಲ್ಲದಿದ್ದರೆ ಸೀಟು ಸಿಕ್ಕ ಮೇಲೂ ದಾಖಲೆ ನೋಡುವಾಗ ತೊಂದರೆ.

ಅವನಿಗೆ ಮನೆ ಬಾಗಿಲಲ್ಲೇ ಒಂದು ದಾರಿ ಇತ್ತು: ಮಹಾರಾಷ್ಟ್ರದ ಎಂಬಿಎ ಸಿಇಟಿ. 150 ನಿಮಿಷ, 200 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಚರ್ಚ್‌ಗೇಟ್ ಹತ್ತಿರದ ಜಮ್ನಾಲಾಲ್ ಬಜಾಜ್, ಸಿಡೆನ್‌ಹ್ಯಾಮ್ ಎರಡೂ ಎಂಬಿಎ ಕಾಲೇಜಿಗೆ ಇದರ ಮೂಲಕ ಹೋಗಬಹುದು. ಅಲ್ಲಿ ಇಂಟರ್ವ್ಯೂ ಇಲ್ಲ, ಕ್ಯಾಪ್ ಎಂಬ ಕೇಂದ್ರೀಕೃತ ಪ್ರವೇಶದ ಸುತ್ತಿನಲ್ಲಿ ಸ್ಕೋರಿನ ಮೇಲೆ ಸೀಟು. ಡಿಗ್ರಿಯಲ್ಲಿ ಅರ್ಹತೆಯಷ್ಟು ಅಂಕ ಇದ್ದರೆ ಹಳೆಯ ಕೇಟಿಗಳು ಬೆನ್ನು ಹತ್ತುವುದಿಲ್ಲ. ಹೆಚ್ಚಿನ ಸೀಟು ರಾಜ್ಯದ ಮಕ್ಕಳಿಗೆ. ನಮ್ಮವರು ಎಷ್ಟೋ ಮಂದಿ "ನಾವು ಕರ್ನಾಟಕದವರಲ್ವಾ" ಎಂದು ಇದರ ಗೋಜಿಗೇ ಹೋಗುವುದಿಲ್ಲ. ಮಗು ಹುಟ್ಟಿ ಓದಿದ್ದು ಇಲ್ಲೇ ಆದರೆ ಇಲ್ಲಿನ ನಿವಾಸಿ ಎಂಬ ಡೊಮಿಸೈಲ್ ಸರ್ಟಿಫಿಕೇಟು ಮೊದಲೇ ಮಾಡಿಸಿಡಿ. ಕೊನೆ ಗಳಿಗೆಯಲ್ಲಿ ತಹಸೀಲ್ದಾರ್ ಕಚೇರಿಗೆ ಓಡುವುದು ಬೇಡ.

ಸಿಇಟಿ ಕೈಕೊಟ್ಟರೆ ಮುಂದಿನ ವರ್ಷಕ್ಕೆ ಸಿಂಬಯಾಸಿಸ್‌ನ ಸ್ನ್ಯಾಪ್, ನರ್ಸಿ ಮೊಂಜಿಗೆ ಬೇಕಾದ ಎನ್‌ಮ್ಯಾಟ್ ಎಂಬ ಪ್ರವೇಶ ಪರೀಕ್ಷೆಗಳನ್ನು ಇಟ್ಟುಕೊಳ್ಳಲು ಹೇಳಿದೆ. ಎರಡನ್ನೂ ಒಂದೇ ವರ್ಷದಲ್ಲಿ ಮೂರು ಸಲದವರೆಗೆ ಬರೆಯಬಹುದು. ಹೈದರಾಬಾದಿನ ಬಿಸಿನೆಸ್ ಸ್ಕೂಲು ಐಎಸ್‌ಬಿ ಬಗ್ಗೆಯೂ ಕೇಳಿದ. ಅಲ್ಲಿಗೆ ಬೇಕಾದ ಎರಡು ವರ್ಷದ ಅನುಭವ ಇದೆ ನಿಜ, ಆದರೆ ಆ ಖರ್ಚಿಗೆ ಈಗ ಸಾಲ ಮಾಡುವುದು ಬೇಡ ಎಂದೆ.

ಇನ್ನೊಂದು ಕೆಲಸ ಕೊಟ್ಟೆ. ಅವನಿಗೆ ಅದು ಇಷ್ಟವಾಗಲಿಲ್ಲ. ಎಂ-ಥ್ರೀಯನ್ನು ಮತ್ತೆ ಓದು ಎಂದೆ. ಯಾವ ವಿಷಯದಲ್ಲಿ ಬಿದ್ದಿರುತ್ತಾರೋ ಅದರಲ್ಲೇ ಪ್ರಶ್ನೆ ಕೇಳುವುದು ಇಂಟರ್ವ್ಯೂ ಮಾಡುವವರ ರೂಢಿ. ಈ ವರ್ಷ ಇಂಟರ್ವ್ಯೂ ಇಲ್ಲದಿದ್ದರೂ ಆ ಹೆದರಿಕೆಯನ್ನು ಎಂಬಿಎಗೆ ಹೊತ್ತುಕೊಂಡು ಹೋಗಬಾರದು.

ಎರಡು ವಾರದ ಮೇಲೆ ಇಬ್ಬರೂ ಬಂದರು. ಅಪ್ಪ ಈ ಸಲ ಒಳಗೇ ಕೂತರು. ಹೇಳಿದ್ದಾನೆ ಎಂದು ಮುಖ ನೋಡಿಯೇ ತಿಳಿಯಿತು. ಅವರೇ ಮಾತೆತ್ತಿದರು: "ಕೇಟಿ ಫಾರ್ಮಿಗೆ ದುಡ್ಡು ಗಲ್ಲಾದಿಂದ ತೆಗೆದನಂತೆ ಮೇಡಂ. ನನಗೆ ಆಗಲೇ ಲೆಕ್ಕದಲ್ಲಿ ಕಮ್ಮಿ ಬರ್ತಿತ್ತು. ಹೋಟೆಲಿನ ಕೆಲಸದ ಹುಡುಗರ ಮೇಲೆ ಸಂಶಯ ಮಾಡಿದೆ. ಒಬ್ಬ ಹುಡುಗನನ್ನು ಬೈದು ಊರಿಗೆ ಕಳಿಸಿಬಿಟ್ಟೆ." ಆಮೇಲೆ ಮಗನ ಕಡೆ ತಿರುಗಿ, "ನಾಳೆ ಅವನಿಗೆ ನೀನೇ ಫೋನು ಮಾಡಬೇಕು" ಎಂದರು. ಪ್ರಶಾಂತ ತಲೆ ಆಡಿಸಿದ. ನಾನು ಹೇಳಲು ಏನೂ ಉಳಿದಿರಲಿಲ್ಲ.

ತೋಟ ಅಡವಿಡುವುದು ಬೇಡ ಎಂಬ ಮಾತನ್ನು ಮಾತ್ರ ಅವತ್ತು ಗಟ್ಟಿಯಾಗಿ ಹೇಳಿದೆ. ಡೊನೇಷನ್ ಕೊಟ್ಟು ಹೆಸರಿಲ್ಲದ ಕಾಲೇಜಿಗೆ ಸೇರುವುದಕ್ಕಿಂತ ಇನ್ನೊಂದು ವರ್ಷ ಕೆಲಸ ಮಾಡುತ್ತಾ ಓದುವುದು ಎಷ್ಟೋ ಮೇಲು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಮಾರ್ಚಿನಲ್ಲಿ ಪ್ರಶಾಂತ ಒಬ್ಬನೇ ಬಂದ. ಹೋಟೆಲಿನ ಬಿಲ್ ಪುಸ್ತಕದ ಹಾಳೆಯ ಹಿಂಬದಿಯಲ್ಲಿ ಎಂ-ಥ್ರೀಯ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬರೆದು ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದ. ನಾನು ಓದಿದ್ದು ಮನಃಶಾಸ್ತ್ರ, ಆದರೂ ಅರ್ಧದಷ್ಟು ಅರ್ಥವಾಯಿತು. ಹಾಳೆಯ ಮುಂಬದಿಯಲ್ಲಿ ಎರಡು ಇಡ್ಲಿ, ಒಂದು ಕಾಪಿ ಎಂದಿತ್ತು.

ಸಿಇಟಿ ಚೆನ್ನಾಗಿ ಹೋಯಿತು. ಕ್ಯಾಪ್‌ನ ಮೊದಲ ಸುತ್ತಿನಲ್ಲಿ ಜಮ್ನಾಲಾಲ್ ಬಜಾಜ್ ಸಿಗಲಿಲ್ಲ. ಎರಡನೇ ಸುತ್ತಿನಲ್ಲೂ ಸಿಗಲಿಲ್ಲ, ಸಿಡೆನ್‌ಹ್ಯಾಮ್ ಸಿಕ್ಕಿತು. ಸೇರಲಾ ಎಂದು ಫೋನು ಮಾಡಿದ. "ಅಪ್ಪ ಏನಂತಾರೆ?" ಎಂದು ಕೇಳಿದೆ. ಹಿಂದಿನಿಂದ ಅವರ ದನಿಯೇ ಕೇಳಿಸಿತು, ಯಾರೋ ಗಿರಾಕಿಗೆ ಹೇಳುತ್ತಿದ್ದರು: "ಐದು ಕೇಟಿ ಇತ್ತು ಮಾರಾಯ್ರೆ, ಆದರೂ ಸಿಕ್ಕಿತು."