ಪಿಸಿಸಿ ಇರುವಾಗ ಡೆಸ್-ಮಾರ್ಟಿನ್ ಯಾಕೆ ಬೇಕು?

ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡೋಕೆ ಅಗ್ಗದ ಪಿಸಿಸಿ (ಪಿರಿಡಿನಿಯಂ ಕ್ಲೋರೋಕ್ರೋಮೇಟ್) ಇದೆ, ಹಾಗಿದ್ದರೂ ಎಲ್ಲರೂ ದುಬಾರಿ ಡೆಸ್-ಮಾರ್ಟಿನ್ ಪೀರಿಯೋಡಿನೇನ್ (ಡಿಎಂಪಿ) ಯಾಕೆ ಬಳಸುತ್ತಾರೆ ಅಂತ ಕೇಳಿದ್ದೀರಿ. ನಾನು ಸಿಂಥೆಸಿಸ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಡಿಎಂಪಿ ಮೇಲೆ ನನಗೆ ತುಂಬಾ ನಂಬಿಕೆ.

ಪಿಸಿಸಿಯಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಕೊನೆಗೆ ಫ್ಲಾಸ್ಕಿನ ತಳದಲ್ಲಿ ಡಾಂಬರಿನಂಥ ಅಂಟು ಉಳಿಯುತ್ತದೆ. ಇದೇ ಕೆಲಸದ ಇನ್ನೊಂದು ವಿಧಾನವಾದ ಸ್ವರ್ನ್ ಮಾಡೋಣ ಅಂದರೆ ಮೈನಸ್ 78 ಡಿಗ್ರಿ ಬೇಕು, ಮೇಲೆ ಆ ದುರ್ವಾಸನೆ. ಡೆಸ್ ಮತ್ತು ಮಾರ್ಟಿನ್ 1983ರಲ್ಲಿ ಪ್ರಕಟಿಸಿದ ಈ ಅಯೋಡಿನ್ ಸಂಯುಕ್ತಕ್ಕೆ ರೂಮಿನ ಉಷ್ಣತೆಯೇ ಸಾಕು. ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ ಹಾಕಿದರೆ ಎಷ್ಟೋ ಸಲ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆಲ್ಡಿಹೈಡ್ ಆದ ಮೇಲೆ ಆಮ್ಲದವರೆಗೆ ಎಳೆದುಕೊಂಡು ಹೋಗುವುದಿಲ್ಲ. ಪಕ್ಕದ ಕೈರಲ್ ಕಾರ್ಬನ್ (ಎಡ-ಬಲ ಜೋಡಣೆ ಇರುವ ಕಾರ್ಬನ್) ಕೂಡ ಸಾಮಾನ್ಯವಾಗಿ ಕೆಡುವುದಿಲ್ಲ. ಹತ್ತಿಪ್ಪತ್ತು ಹಂತ ದಾಟಿ ಬಂದ ಕೆಲವೇ ಮಿಲಿಗ್ರಾಂ ಕೈಯಲ್ಲಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಒಳಗೆ ನಡೆಯುವುದು ಇಷ್ಟು: ಅಯೋಡಿನ್ ಮೇಲಿನ ಒಂದು ಅಸಿಟೇಟ್ ಜಾಗಕ್ಕೆ ಆಲ್ಕೋಹಾಲ್ ಬಂದು ಕೂರುತ್ತದೆ. ಆಮೇಲೆ ಅದರ ಹೈಡ್ರೋಜನ್ ಕಳಚುತ್ತದೆ, ಆಕ್ಸಿಡೀಕರಣ ಸ್ಥಿತಿ ಐದರಲ್ಲಿದ್ದ ಅಯೋಡಿನ್ ಮೂರಕ್ಕೆ ಇಳಿಯುತ್ತದೆ. ಜೊತೆಗೆ ಅಸಿಟಿಕ್ ಆಮ್ಲ ಹುಟ್ಟುತ್ತದೆ. ಆಮ್ಲವನ್ನು ತಾಳದ ಗುಂಪುಗಳು ಅಣುವಿನಲ್ಲಿದ್ದರೆ ಮೊದಲೇ ಸ್ವಲ್ಪ ಸೋಡಿಯಂ ಬೈಕಾರ್ಬೊನೇಟ್ ಹಾಕಿಬಿಡಿ.

ನನಗೆ ಇಷ್ಟವಾಗುವುದು ವರ್ಕಪ್, ಅಂದರೆ ಕೊನೆಯಲ್ಲಿ ತೊಳೆದು ಬೇರ್ಪಡಿಸುವ ಹಂತ. ರಿಯಾಕ್ಷನ್ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಥಯೋಸಲ್ಫೇಟ್ ಮತ್ತು ಬೈಕಾರ್ಬೊನೇಟ್ ದ್ರಾವಣ ಸುರಿದು ಕಲಕುತ್ತಾ ಇದ್ದರೆ ಆ ಬಿಳುಪು ಮೆಲ್ಲಗೆ ಕರಗಿ, ಎರಡು ಪದರವೂ ತಿಳಿಯಾಗುತ್ತವೆ. ಅಲ್ಲಿಯವರೆಗೆ ಆತುರ ಬೇಡ. ಸಪರೇಟಿಂಗ್ ಫನಲ್‌ನಲ್ಲಿ ಗ್ಯಾಸ್ ಬರುತ್ತದೆ, ಆಗಾಗ ಬಿಡುತ್ತಿರಿ.

ಇನ್ನು ಬಾಟಲಿಯ ವಿಷಯ. ಒಮ್ಮೆ ಹಳೆಯ ಬಾಟಲಿಯಿಂದ ತೂಗಿ ಹಾಕಿದೆ. ಪುಡಿ ಸರಿಯಾಗಿ ಕರಗಲೇ ಇಲ್ಲ, ರಿಯಾಕ್ಷನ್ ಎಷ್ಟು ನಡೆದಿದೆ ಎಂದು ತೋರಿಸುವ ಟಿಎಲ್‌ಸಿಯಲ್ಲಿ ಆಲ್ಕೋಹಾಲಿನ ಚುಕ್ಕೆ ಸಂಜೆಯಾದರೂ ಹಾಗೇ ಇತ್ತು. ತೇವ ಕುಡಿದು ಡಿಎಂಪಿ ಹಾಳಾಗಿತ್ತು. ವಿಚಿತ್ರ ಅಂದರೆ, ರಿಯಾಕ್ಷನ್ ನಡೆಯುವಾಗ ಲೆಕ್ಕ ಹಾಕಿ ಕೊಟ್ಟ ಒಂದು ಈಕ್ವಿವಲೆಂಟ್ (ಅಣುವಿಗೊಂದು ಅಣು ಲೆಕ್ಕದ) ನೀರು ಅದರ ವೇಗ ಹೆಚ್ಚಿಸುತ್ತದೆ. 1994ರಲ್ಲಿ ಮೇಯರ್ ಮತ್ತು ಶ್ರೈಬರ್ ಇದನ್ನು ತೋರಿಸಿದರು. ಆದರೆ ಬಾಟಲಿಯೊಳಗೆ ಮಾತ್ರ ನೀರು ಸೇರಬಾರದು. ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಡಿ.

ಸುಮ್ನೆ ಬಿಸಿ ಮಾಡಬೇಡಿ, ಕುಟ್ಟಿ ಪುಡಿ ಮಾಡಬೇಡಿ. ಡಿಎಂಪಿ ಆಗಲಿ, ಅದನ್ನು ತಯಾರಿಸಲು ಬಳಸುವ ಐಬಿಎಕ್ಸ್ ಆಗಲಿ, ಬಿಸಿಗೂ ಪೆಟ್ಟಿಗೂ ಸಿಡಿಯಬಹುದು. ಜಾಸ್ತಿ ಪ್ರಮಾಣದಲ್ಲಿ ಮಾಡುವುದಿದ್ದರೆ ಮೊದಲು ನಿಮ್ಮ ಗೈಡ್ ಹತ್ತಿರ ಮಾತಾಡಿ.